ಎಡಗಡೆಯ ಕಿಬ್ಬೊಟ್ಟೆ ನೋವು

ಎರಡು ವರ್ಷ ನನ್ನ ಕಿಬ್ಬೊಟ್ಟೆಯ ಎಡಗಡೆ ನೋವು ಬಂದು ಹೋಗುತ್ತಿತ್ತು. ಸಾನಪಾಡಾದಿಂದ ಠಾಣೆ ಊರಿನ ಆಫೀಸಿಗೆ ದಿನವೂ ಲೋಕಲ್ ರೈಲಿನಲ್ಲಿ ಹೋಗುವವಳು ನಾನು. ಕೆಲವು ದಿನ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ. ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು, ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಭಾರ ಹಾಕುತ್ತ ಸ್ಟೇಷನ್ ಎಣಿಸುತ್ತಿದ್ದೆ.

"ವಾಯು ಇರ್ಬೇಕು. ಜೀರಿಗೆ ಕಷಾಯ ಕುಡಿ, ಕಮ್ಮಿ ಆಗ್ತದೆ," ಎಂದರು ಅತ್ತೆ. ಕುಡಿದೆ. ಮೆಡಿಕಲ್‌ನವನು ಅಸಿಡಿಟಿ ಎಂದು ಮಾತ್ರೆ ಕೊಟ್ಟ. ನುಂಗಿದೆ. ನಾಲ್ಕು ದಿನಕ್ಕೆ ನೋವು ತಾನಾಗಿ ಇಳಿಯುತ್ತಿತ್ತು. ಅದನ್ನೇ ಗುಣ ಎಂದುಕೊಳ್ಳುತ್ತಿದ್ದೆ. ನನ್ನ ದೊಡ್ಡಮ್ಮ ಕ್ಯಾನ್ಸರ್‌ನಿಂದ ಹೋದವರು. ಆ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಡಾಕ್ಟರ ಹತ್ತಿರ ಹೋಗದಿದ್ದುದಕ್ಕೂ ಅದೇ ಕಾರಣ.

ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವಳು ಗ್ಯಾಸ್ ಆರಿಸಿ ನೆಲದ ಮೇಲೇ ಕೂತುಬಿಟ್ಟೆ. ಶಾಲೆಗೆ ಹೊರಟಿದ್ದ ಹತ್ತನೇ ಕ್ಲಾಸಿನ ಮಗಳು ನನ್ನ ಚಪ್ಪಲಿ ತಂದಿಟ್ಟಳು. "ಚಲೋ ಮಮ್ಮಿ, ಆಜ್ ಡಾಕ್ಟರ್," ಎಂದು ಅವತ್ತೇ ಡಾಕ್ಟರ ಹತ್ತಿರ ಹೊರಡಿಸಿದಳು.

"ನೋವು ಯಾವಾಗ ಬರುತ್ತದೆ?" ಎಂದು ಲೇಡಿ ಡಾಕ್ಟರ್ ಹಿಂದಿಯಲ್ಲಿ ಕೇಳಿದರು. ಗಮನಿಸಿಲ್ಲ ಎಂದೆ. ಮಗಳು ಬಾಯಿ ಹಾಕಿದಳು. "ಪೀರಿಯಡ್ಸ್ ಕೇ ದೋ ದಿನ್ ಪೆಹಲೇ. ಹರ್ ಮಹೀನಾ." ಪ್ರತಿ ತಿಂಗಳು ಮುಟ್ಟಿಗೆ ಎರಡು ದಿನ ಮೊದಲಿನ ಆ ದಿನಗಳಲ್ಲಿ ನಾನು ಅವಳ ಮೇಲೆ ಸುಮ್ಮಸುಮ್ಮನೆ ಕಿರುಚುತ್ತೇನಂತೆ, ಅದರಿಂದಲೇ ಅವಳಿಗೆ ಗೊತ್ತಾಗುತ್ತಿತ್ತಂತೆ. ನನಗೆ ತಲೆ ಎತ್ತಲಾಗಲಿಲ್ಲ.

ಮೂತ್ರದ ಸೋಂಕು, ಕಲ್ಲು, ಕರುಳಿನ ತೊಂದರೆ, ಅಂಡಾಶಯದ ಗಂಟು, ಯಾವುದಾದರೂ ಇರಬಹುದು, ಊಹೆಯ ಮೇಲೆ ಮಾತ್ರೆ ನುಂಗಬೇಡಿ ಎಂದರು ಡಾಕ್ಟರ್. ಮೂತ್ರದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸೋನೋಗ್ರಫಿ ಸ್ಕ್ಯಾನಿಗೆ ಹೊಟ್ಟೆ ತುಂಬ ನೀರು ಕುಡಿದು, ಕೂರಲಾಗದೆ ಕಾರಿಡಾರಿನ ಉದ್ದಕ್ಕೂ ಓಡಾಡಿದೆ. ಎಡ ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ಪ್ರತಿ ಮುಟ್ಟಿಗೂ ಅಲ್ಲಿ ರಕ್ತ ಕಟ್ಟುತ್ತಿದೆ ಎಂದು ಡಾಕ್ಟರ್ ಚಿತ್ರ ಬರೆದು ತೋರಿಸಿದರು. "ಕ್ಯಾನ್ಸರ್ ಥರ ಕಾಣುವುದಿಲ್ಲ. ಆದರೂ ತೆಗೆದು ಪರೀಕ್ಷೆಗೆ ಕಳಿಸೋಣ."

ಸಣ್ಣ ತೂತುಗಳಿಂದ ಆಪರೇಷನ್ ಆಯಿತು. ಆದರೆ ವರದಿಗೆ ಕಾದ ವಾರ ನೋವಿಗಿಂತ ಕಷ್ಟವಾಯಿತು. ಮಲಗಬೇಕಾದವಳು ಅಡುಗೆಮನೆಗೂ ಬಾಲ್ಕನಿಗೂ ಅಲೆದೆ. ಮೂರನೇ ದಿನ ಗಂಡ, "ಏನಾಯ್ತು ಮಾರಾಯ್ತಿ, ಹೇಳು," ಎಂದು ಕೈ ಹಿಡಿದು ಕೂರಿಸಿದಾಗ ದೊಡ್ಡಮ್ಮನ ಕಥೆ ಹೇಳಿ ಅತ್ತುಬಿಟ್ಟೆ.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಗಂಟು ಮತ್ತೆ ಬೆಳೆಯಬಹುದು ಎಂದಿದ್ದಾರೆ ಡಾಕ್ಟರ್. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇನೆ. ತೋರಿಸಲು ಹೋಗುವ ಹಿಂದಿನ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ, ಆದರೂ ಹೋಗುತ್ತೇನೆ.