ಬೆನ್ನ ಹಿಂದಿನ ಚಿಂಕಾರ

ಸಂಸ್ಥಾನಗಳ ಕಾಲದ ಬೇಟೆ ಬಂಗಲೆಗಳ ಬಗ್ಗೆ ನಾನೊಂದು ಪುಸ್ತಕ ಬರೆದಿದ್ದೇನೆ. ಬೀಳಗಿ ಕಡೆಯ ಕುರುಚಲು ಕಾಡಿನ ಹಳೆಯ ಬಂಗಲೆಯಲ್ಲಿ ಪ್ರಕೃತಿ ಶಿಬಿರ ನಡೆದಾಗಲೆಲ್ಲ ಭಾಷಣಕ್ಕೆ ಜಮಖಂಡಿಯಿಂದ ನನ್ನನ್ನು ಕರೆಸುತ್ತಾರೆ. ಅಲ್ಲಿನ ಚಿಂಕಾರವೆಂಬ ಸಣ್ಣ ಜಿಂಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇನೆ. ಅದನ್ನು ಒಮ್ಮೆಯೂ ಕಂಡಿಲ್ಲ.

ಕಳೆದ ಚಳಿಗಾಲ ರಬಕವಿ-ಬನಹಟ್ಟಿಯ ನೇಕಾರರು ಶಿಬಿರಕ್ಕೆ ಬಂದಿದ್ದರು. ಬಂಗಲೆಯ ಕಾವಲುಗಾರ ನನ್ನನ್ನು ಬದಿಗೆ ಕರೆದ.

"ಸರ, ಈ ವರ್ಷ ರಿಜಿಸ್ಟರದಾಗ ಒಂದೂ ಚಿಂಕಾರ ಇಲ್ರಿ. ಹಿಂಗ ಆದ್ರ ಶಿಬಿರ ಬಂದ್ ಮಾಡಿ ನನ್ನನ್ನ ಸಸಿ ತೋಟದ ಕೆಲಸಕ್ಕ ಹಾಕ್ತಾರ. ನಾ ಹುಟ್ಟಿದ್ದ ಇಲ್ಲೇರಿ. ಈ ಮಂದಿ ಬಾಯಿ ಅಷ್ಟ ಮುಚ್ಚಸ್ರಿ."

ಮಗ್ಗದ ಸದ್ದಿನಲ್ಲಿ ದುಡಿಯುವ ಆ ಜನ ಪಕ್ಕದವರಿಗೆ ಉಪ್ಪಿಟ್ಟು ಬಡಿಸಲು ಹೇಳಿದರೂ ಕೆರೆಯ ಆಚೆ ದಂಡೆಗೆ ಕೇಳಿಸುವಂತಿತ್ತು. ಕಾವಲುಗಾರ ಚಿಂಕಾರ ಹುಡುಕಿಕೊಂಡು ಕೆರೆಯ ಕಡೆ ಹೋದ. ನಾನು ನೇಕಾರರು ಹಾಕಿದ ಹೂವಿನ ಹಾರವನ್ನು ತೆಗೆದು ಅಂಗಳದಲ್ಲಿ ನನ್ನ ಹಿಂದಿದ್ದ ಕುರ್ಚಿಯ ಮೇಲಿಟ್ಟು, ಏನೇ ಆದರೂ ಯಾರೂ ದನಿ ತೆಗೆಯಬಾರದು, ಏಳಬಾರದು ಎಂದೆ.

ಚಿಂಕಾರ ಎಷ್ಟು ಅಂಜುಬುರುಕ ಪ್ರಾಣಿ ಎಂದು ವಿವರಿಸುತ್ತಿದ್ದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಅಂಗೈ ಎತ್ತಿ ತೋರಿಸಿದರು. ನಂತರ ಹೆಬ್ಬೆರಳನ್ನು ಭುಜದ ಹಿಂದಕ್ಕೆ ಆಡಿಸಿದರು. ಪಕ್ಕದವರೂ ಹಾಗೆಯೇ ಮಾಡಿದರು. ನೋಡನೋಡುತ್ತ ಇಡೀ ಸಭೆ ಮೌನವಾಗಿ ಅಂಗೈ, ಹೆಬ್ಬೆರಳು, ಅಂಗೈ, ಹೆಬ್ಬೆರಳು. ಸಾಕು, ಹೊರಗೆ ನಡೆ ಎನ್ನುತ್ತಿದ್ದಾರೆಂದು ತಿಳಿದೆ. ಇಷ್ಟು ಶಿಸ್ತಿನಿಂದ ಯಾರೂ ನನ್ನನ್ನು ಓಡಿಸಿರಲಿಲ್ಲ. ಉಳಿದ ಐದು ಪುಟಗಳನ್ನು ತಲೆ ಎತ್ತದೆ ಓದಿ ಮುಗಿಸಿದೆ.

ಭಾಷಣ ಮುಗಿದದ್ದೇ ತಡ, ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

"ಮಗ್ಗ ನಿಂದರಸು, ಹಿಂದ ನೋಡು ಅಂತ ಕೈ ಮಾಡಿದ್ವಿರಿ," ಎಂದರು ಆ ಹೆಂಗಸು. "ಆ ಸಪ್ಪಳದಾಗ ನಾವು ಹಿಂಗ ಮಾತಾಡೂದು. ಚಿಂಕಾರ ನಿಮ್ಮ ಹಿಂದನ ನಿಂತು ಹಾರ ತಿನ್ನಾಕತ್ತಿತ್ರಿ. ನಾವು ದನಿ ತಗದ ಕೂಡ್ಲೇ ಓಡಿ ಹೋತ್ರಿ."

"ಒಂದ್ಸಲ ಒದರಬಾರದೇನ್ರೀ?" ಎಂದೆ.

"ಏನ ಆದ್ರೂ ದನಿ ತಗೀಬ್ಯಾಡ್ರಿ ಅಂದವ್ರು ಯಾರ್ರಿ?"

ಕುರ್ಚಿಯ ಮೇಲೆ ಅರ್ಧ ಹಾರವಿತ್ತು. ಮಿಕ್ಕರ್ಧದಲ್ಲಿ ಬರೀ ದಾರ, ಅದೂ ಒದ್ದೆ.

ಕಾವಲುಗಾರ ಓಡಿ ಬಂದು ರಿಜಿಸ್ಟರ್ ತೆರೆದ. ಕಂಡದ್ದನ್ನು ಬರೆದು ಸಹಿ ಮಾಡಬೇಕಾದವರು ಭಾಷಣಕಾರರು.

"ಕಂಡೇನಿ ಅಂತ ಬರೀರಿ ಸರ."

"ನಾ ಕಂಡಿಲ್ಲಪಾ."

"ಹಂಗಾರ ನಾ ಸಸಿಗೆ ನೀರು ಹಾಕೂದ ಖರೆ ಆತು."

ಪೆನ್ನು ತೆಗೆದುಕೊಂಡೆ. ಹೀಗೆ ಬರೆದೆ: "ನನ್ನ ಹಿಂದೆ, ಸುಮಾರು ಮೂರು ಅಡಿ ದೂರದಲ್ಲಿ, ಒಂದು ಚಿಂಕಾರ. ನಾನು ಅದನ್ನು ಕಾಣಲಿಲ್ಲ. ಕಂಡವರನ್ನು ಕಂಡೆ." ಕೆಳಗೆ ನೇಕಾರರೆಲ್ಲ ಸಾಲಾಗಿ ಸಹಿ ಮಾಡಿದರು. ಅವು ಮುಂದಿನ ಪುಟಕ್ಕೂ ಹಬ್ಬಿದವು.

ಈ ಚಳಿಗಾಲ ಕಾವಲುಗಾರನೇ ಫೋನ್ ಮಾಡಿದ.

"ಶಿಬಿರ ಉಳೀತ್ರಿ ಸರ. ಈ ಸಲ ಎರಡು ಹಾರ ತರಸ್ತೇವಿ. ನೀವು ಮಂದಿಗೆ ಬೆನ್ನ ಮಾಡಿ ಮಾತಾಡ್ರಿ."

ಒಪ್ಪಿಕೊಂಡಿದ್ದೇನೆ.