ಬಾವಿ ಮನೆಗೆ ಮೂರು ಸಾಲು

ಗಣಪತಿ ಹಬ್ಬಕ್ಕೆಂದು ಉದಗೀರದ ತವರಿಗೆ ಬಂದಿದ್ದಾಗ ಭೂಕಂಪವಾಯಿತು. ಉಮರ್ಗಾ ಕಡೆಯ ನನ್ನ ಗಂಡನ ಮನೆ, ಊರವರ ಬಾಯಲ್ಲಿ ಬಾವಿ ಮನೆ, ಒಳಗಿದ್ದವರ ಮೇಲೆಯೇ ಕುಸಿಯಿತು. ಕೆಲವು ವರ್ಷಗಳಲ್ಲಿ ಅಣ್ಣನ ಸಂಸಾರ ಬೆಳೆಯಿತು; ನಾನು ಉದಗೀರದಲ್ಲೇ ಬಾಡಿಗೆ ಕೋಣೆ ಹಿಡಿದು ಕಂಪ್ಯೂಟರ್ ಕ್ಲಾಸಿನಲ್ಲಿ ಪ್ರೋಗ್ರಾಂ ಕಲಿಸತೊಡಗಿದೆ. ಸಂಜೆ ಮಾತಾಡಲು ಗೋಡೆಯೇ ಗತಿ. ಯಾರ ಮನೆಯವಳು ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಏನು ಹೇಳಲಿ?

ಒಂದು ಮಧ್ಯಾಹ್ನ ಬಾವಿ ಮನೆಗೆ ಗುರುಗಳಾದ ಜಂಗಮ ಅಯ್ಯನವರು ಕ್ಲಾಸಿಗೇ ಬಂದರು. ಶ್ರಾವಣದಲ್ಲಿ ಭಕ್ತರ ಮನೆಗಳಿಗೆ ಭಿಕ್ಷೆಗೆ ಹೋಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹರಸುವವರು ಅವರು. ಭೂಕಂಪದ ನಂತರ ಊರುಗಳು ಹೊಸ ಜಾಗಕ್ಕೆ ಹೋಗಿ ಓಣಿಗಳೆಲ್ಲ ಕಲಸಿಹೋಗಿದ್ದವು. ಯಾರು ಎಲ್ಲಿದ್ದಾರೆಂದು ಬರೆದುಕೊಡು ಎಂದರು. ಆ ವಾರ ನನ್ನ ಪಾಠ ಎಕ್ಸ್‌ಎಂಎಲ್, ಪ್ರತಿಯೊಂದಕ್ಕೂ ತೆರೆಯುವ ಗುರುತು, ಮುಚ್ಚುವ ಗುರುತು ಹಾಕಿ ಒಂದರೊಳಗೊಂದು ಬರೆಯುವ ಕಂಪ್ಯೂಟರ್ ಬರಹ; ಅದರಲ್ಲೇ ಬರೆದೆ. ಊರೊಳಗೆ ಓಣಿ, ಓಣಿಯೊಳಗೆ ಮನೆ, ಮನೆಯೊಳಗೆ ಜನ. ಬಾವಿ ಮನೆ ಎಂದು ಹೇಳಿ ಅಯ್ಯನವರು ನನ್ನನ್ನೇ ನೋಡುತ್ತ ಕೂತರು. ನಾನು ಅದರೊಳಗೆ ಯಾರ ಹೆಸರೂ ಹಾಕದೆ, ಮುಂದಿನ ಮನೆ ಹೇಳಿ ಎಂದೆ.

ಮೊದಲ ಪ್ರಿಂಟು ಎಲ್ಲೂ ಬಿಡುವಿಲ್ಲದೆ ಒಂದಕ್ಕೊಂದು ಅಂಟಿಕೊಂಡು ಬಂತು. ಮಷೀನಿಗೆ ಅಷ್ಟು ಸಾಕು. ಅಯ್ಯನವರು ಕನ್ನಡಕ ಏರಿಸಿ ನೋಡಿದರು.

"ಯವ್ವಾ, ಎಲ್ಲಾರೂ ಒಬ್ಬರ ಮ್ಯಾಲ ಒಬ್ಬರು ಬಿದ್ದಂಗ ಕಾಣ್ತದ."

ಪ್ರೋಗ್ರಾಮಿಗೆ 'ಇಂಡೆಂಟ್ ಮಾಡು' ಎಂಬ ಒಂದು ಆಜ್ಞೆ ಸೇರಿಸಿದೆ. ಈಗ ಪ್ರತಿಯೊಂದೂ ತನ್ನ ಸಾಲಿಗೆ ಬಂತು. ಓಣಿಗಿಂತ ಮನೆ ತುಸು ಒಳಗೆ, ಮನೆಗಿಂತ ಜನ ಇನ್ನಷ್ಟು ಒಳಗೆ ಸರಿದು ನಿಂತರು. ಅಯ್ಯನವರು ಬೆರಳಿಟ್ಟು ಓದುತ್ತ, ಒಳಗೆ ಸರಿದ ಕಡೆಯೆಲ್ಲ ಹೊಸ್ತಿಲಿಗೆ ಬಂದವರಂತೆ ತಡೆಯುತ್ತಿದ್ದರು.

ಬಾವಿ ಮನೆಗೆ ಬಂದು ಬೆರಳು ನಿಂತುಬಿಟ್ಟಿತು. ಉಳಿದ ಮನೆಗಳಿಗೆ ತೆರೆಯಲೊಂದು ಸಾಲು, ಮುಚ್ಚಲೊಂದು ಸಾಲು. ಇದಕ್ಕೆ ಎರಡೂ ಸೇರಿ, ತೆರೆದಲ್ಲೇ ಮುಚ್ಚಿದ ಒಂದೇ ಸಾಲು.

"ಇದನ್ಯಾಕ ಮುಚ್ಚೀದಿ?"

"ಒಳಗ ಯಾರೂ ಇಲ್ಲಂದ್ರ ಮಷೀನ ಹಂಗೇ ಬರೀತದರೀ, ಅಯ್ಯಾರ."

"ಮಷೀನಿಗಿ ಏನ್ ಗೊತ್ತದ. ನೀ ಇದ್ದಿ ಅಲ್ಲ?"

ನಾನು ಹಾಳೆಗಳನ್ನು ಜೋಡಿಸಿ ಅವರ ಕಡೆ ಸರಿಸಿದೆ. ಅವರು ಏಳಲಿಲ್ಲ. ಕೊನೆಗೆ ನನ್ನ ಹೆಸರು ಹಾಕಿ ಮತ್ತೆ ಪ್ರಿಂಟು ತೆಗೆದೆ. ಬಾವಿ ಮನೆ ಮೂರು ಸಾಲಾಗಿ ಬಿಚ್ಚಿಕೊಂಡಿತ್ತು; ನಡುವೆ, ತುಸು ಒಳಗೆ, ನಾನೊಬ್ಬಳೇ. ನೋಡಿ ಸಮಾಧಾನವಾಯಿತು ಎನ್ನಲಾರೆ. ಆ ಸಂಜೆ ಒಲೆ ಹಚ್ಚಲಿಲ್ಲ.

ಶ್ರಾವಣದ ಒಂದು ಸೋಮವಾರ ರೊಟ್ಟಿ ಬಡಿಯುತ್ತಿದ್ದೆ. ಕೋಣೆಯ ಬಾಗಿಲಲ್ಲಿ ಅಯ್ಯನವರ ಕೋಲಿನ ಸಪ್ಪಳವಾಯಿತು.

"ಬಾವಿ ಮನಿಯವ್ರು ಇದ್ದೀರೇನ್ರೀ?"

ಹಿಟ್ಟಿನ ಕೈಯಲ್ಲೇ ಎದ್ದು ಹೋದೆ.

"ಇದ್ದೀವ್ರೀ," ಎಂದೆ.