ಚಾಡಿ ಹೇಳುವ ಗಾಜು

ಇವತ್ತು ಬೆಳಿಗ್ಗೆ ಮಲಗುವ ಕೋಣೆಯ ಕಿಟಕಿ ತೆರೆಯಲು ಹೋದವನು ಸುಮ್ಮನೆ ತಲೆಯೆತ್ತಿ ನೋಡಿದೆ. ಕಿಟಕಿಯ ಮೇಲಿನ ತೊಲೆಗೆ ಅಂಟಿಸಿದ್ದ ಗಾಜಿನ ಪಟ್ಟಿಯ ನಡುವೆ, ಕೂದಲೆಳೆಯಷ್ಟು ಸಣ್ಣದಾಗಿ, ಒಂದು ಗೆರೆ ಮೂಡಿತ್ತು. ಕನ್ನಡಕ ಒರೆಸಿಕೊಂಡು ನೋಡಿದೆ. ಸ್ಟೂಲು ಹತ್ತಬಾರದೆಂದು ವೈದ್ಯರು ಹೇಳಿರುವುದನ್ನು ಮರೆತವನಂತೆ ಸ್ಟೂಲು ಹತ್ತಿ, ಉಗುರಿನ ತುದಿಯಿಂದ ಸವರಿ ನೋಡಿದೆ. ಗೆರೆಯಲ್ಲ, ಒಡಕು. ಕೆಳಗಿಳಿದು ಕಾಫಿ ಕುಡಿದೆ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಏನೂ ಹೇಳಲಿಲ್ಲ.

ಈ ಗಾಜು ಅಲ್ಲಿಗೆ ಬಂದು ಮೂರು ವಾರವಾಯಿತು. ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಬಿಲ್ಡಿಂಗಿಗೆ ವಯಸ್ಸಾಗಿದೆಯೆಂದು ಸೊಸೈಟಿಯವರು ಪರೀಕ್ಷೆಗೆ ಒಬ್ಬ ಇಂಜಿನಿಯರನ್ನು ಗೊತ್ತು ಮಾಡಿದ್ದಾರೆ. ಹುಡುಗಿ, ಮಾಟುಂಗದ ಕನ್ನಡದವರ ಮಗಳಂತೆ. ಗಾಜು ಅಂಟಿಸಿ, ಕೈಗಂಟಿದ ಪ್ಲಾಸ್ಟರನ್ನು ಒರೆಸಿಕೊಳ್ಳುತ್ತ, ಮಗುವಿಗೆ ಹೇಳುವಂತೆ ನನಗೆ ಹೇಳಿದಳು: "ಅಂಕಲ್, ಇದು ಗ್ಲಾಸ್ ಇದೆ ಅಲ್ಲ, ಇದನ್ನ ಟಚ್ ಮಾಡ್ಬಾರ್ದು ಹಾಂ. ಇದು ಒಡೀತು ಅಂದ್ರೆ ಕ್ರ್ಯಾಕ್ ಇನ್ನೂ ಚಾಲೂ ಇದೆ ಅಂತ."

ನನಗೆ. ಅರ್ಧ ಆಯುಷ್ಯವನ್ನು ಇದೇ ಗಾಜಿನ ಪಟ್ಟಿಗಳ ಹಿಂದೆ ಕಳೆದವನಿಗೆ. ನನ್ನ ಕಸುಬು ಏನಾಗಿತ್ತೆಂದು ಹೇಳಬಹುದಿತ್ತು. ಕೇಳದವರಿಗೆ ಹೇಳುವ ಸ್ವಭಾವ ನನ್ನದಲ್ಲ. ಪ್ಲಾಸ್ಟರ್ ಹೆಚ್ಚಾಯಿತು ಎಂದಷ್ಟೇ ಹೇಳಿದೆ. ಆಕೆ ನನ್ನ ಹೆಂಡತಿಯ ಕಡೆ ತಿರುಗಿ, "ಆಂಟಿ, ಅಂಕಲ್ ಮೊದಲಿನಿಂದ ಹೀಗೇನಾ?" ಎಂದಳು. ನನ್ನ ಹೆಂಡತಿ, ಒಂದು ಕ್ಷಣವೂ ಯೋಚಿಸದೆ, "ಈಗ ಎಷ್ಟೋ ವಾಸಿ ಕಣಮ್ಮ" ಎಂದಳು. ಇಬ್ಬರೂ ನಕ್ಕರು. ಇದನ್ನು ನನಗಾದ ಅವಮಾನಗಳ ಪಟ್ಟಿಗೆ ಸೇರಿಸಿಕೊಂಡಿದ್ದೇನೆ.

ನಿಮಗೆ ಆ ಗಾಜಿನ ವಿಷಯ ತಿಳಿದಿರಲಾರದು, ಆದ್ದರಿಂದ ಹೇಳುತ್ತೇನೆ. ಬಿರುಕು ಬಿಟ್ಟ ತೊಲೆಯನ್ನು ಕಂಡರೆ ಅದು ಹಳೆಯ ಬಿರುಕೋ, ಇನ್ನೂ ಬೆಳೆಯುತ್ತಿರುವುದೋ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು, ಎರಡು ತುದಿಗಳನ್ನೂ ಪ್ಲಾಸ್ಟರಿನಿಂದ ಅಂಟಿಸಿ, ಮೇಲೆ ತಾರೀಕು ಬರೆದು ಬರಬೇಕು. ಕಾಂಕ್ರೀಟು ನಾಚಿಕೆಯಿಲ್ಲದೆ ಬಾಗುತ್ತದೆ, ಗಾಜಿಗೆ ಬಾಗಲು ಬರುವುದಿಲ್ಲ, ಒಡೆಯುತ್ತದೆ. ನಮ್ಮ ಕಸುಬಿನವರು ಇಂಗ್ಲಿಷಿನಲ್ಲಿ ಅದಕ್ಕಿಟ್ಟಿರುವ ಹೆಸರಿನ ಅರ್ಥ ಚಾಡಿಕೋರ ಎಂದು. ನಾನು ಚಾಡಿಗಾಜು ಎನ್ನುತ್ತಿದ್ದೆ. ತಾರೀಕನ್ನು ಕೆಂಪು ಬಣ್ಣದಲ್ಲಿ, ಸಣ್ಣ ಕುಂಚದಿಂದ, ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದೆ. ಮಂಡ್ಯದ ಶಾಲೆಯಲ್ಲಿ ಕಲಿತ ಕೈ, ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ತಾರೀಕು ಎಂದ ಕೂಡಲೇ ಅದೇ ಅಂಕಿಗಳಿಗೆ ಹೋಗುತ್ತದೆ. ಅದರಲ್ಲಿ ಅಭಿಮಾನದ ಪ್ರಶ್ನೆಯೇನೂ ಇರಲಿಲ್ಲ. ನಕ್ಕರಲ್ಲ, ಆಮೇಲೆ ಅಭಿಮಾನವಾಯಿತು.

ನಕ್ಕವರಲ್ಲಿ ಮೊದಲಿಗರು ಕಾಮತರು. ಎಂಬತ್ತರ ದಶಕದ ಕೊನೆಯ ಮಾತು. ಗ್ರಾಂಟ್ ರೋಡಿನಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿಯಲ್ಲಿ, ಹೊರದೇಶಗಳಿಗೆ ಅಂಗಿ ಕಳುಹಿಸುವ ಕಂಪನಿಯೊಂದರ ಕಚೇರಿಯಿತ್ತು. ಕಾಮತರು ಅದರ ಮ್ಯಾನೇಜರು. ಕಂಪನಿ ತಾನೇ ಏನನ್ನೂ ಹೊಲಿಯುತ್ತಿರಲಿಲ್ಲ. ಮುಂಬಯಿಯ ಉಪನಗರಗಳಲ್ಲಿ 'ಗಾಲಾ' ಎಂದು ಕರೆಯುತ್ತಾರಲ್ಲ, ಕೈಗಾರಿಕಾ ಎಸ್ಟೇಟುಗಳ ಆ ಉದ್ದನೆಯ ಕೋಣೆಗಳು, ಅಂಥ ಕಡೆ ಹೊಲಿಸಿ ತರಿಸುತ್ತಿತ್ತು. ಒಮ್ಮೆ ಒಂದು ಗಾಲಾದಲ್ಲಿ ಮಾಡಿನ ಒಂದು ಭಾಗ ಕುಸಿದು, ಮಳೆ ನೀರು ನುಗ್ಗಿ, ಹಡಗಿಗೆ ಹೋಗಬೇಕಾಗಿದ್ದ ಅಂಗಿಗಳೆಲ್ಲ ತೊಯ್ದುಹೋದವು. ಇಬ್ಬರು ದರ್ಜಿಗಳ ಕಾಲೂ ಮುರಿಯಿತು. ಆದರೆ ಹೊರದೇಶದ ಗಿರಾಕಿ ಬರೆದ ಪತ್ರದಲ್ಲಿ ಅಂಗಿಗಳ ವಿಷಯ ಮಾತ್ರವಿತ್ತು. ಇನ್ನು ಮುಂದೆ ಪ್ರತಿ ಗಾಲಾದ ಕಟ್ಟಡವೂ ಗಟ್ಟಿಯಾಗಿದೆಯೆಂದು ಇಂಜಿನಿಯರನ ಸಹಿ ಬೇಕು ಎಂದು ಆತ ಪಟ್ಟು ಹಿಡಿದ. ಹಾಗೆ, ಒದ್ದೆಯಾದ ಅಂಗಿಗಳ ಕೃಪೆಯಿಂದ, ನನಗೆ ಆ ಕೆಲಸ ಬಂತು.

ಕಾಮತರಿಗೆ ಬೇಕಾಗಿದ್ದದ್ದು ಸಹಿ. ನಾನು ಕೊಡುತ್ತಿದ್ದದ್ದು ವರದಿ. ಇಬ್ಬರಿಗೂ ಇದರಿಂದ ಸುಖವಾಗಲಿಲ್ಲ. "ಮಾರಾಯ್ರೆ, ನಿಮ್ದು ಪ್ರಾಬ್ಲೆಮ್ ಏನು ಗೊತ್ತುಂಟಾ?" ಎನ್ನುತ್ತಿದ್ದರು. "ನಿಮಗೆ ಹೊಸ ಗೋಡೆ ಕಂಡ್ರೂ ಡೌಟು. ಹೆಣ್ಣು ನೋಡ್ಲಿಕ್ಕೆ ಹೋದಾಗಲೂ ಟಾರ್ಚ್ ತಗೊಂಡು ಹೋಗಿದ್ರೋ ಏನೋ." ಕಚೇರಿಯ ಗುಮಾಸ್ತರು ನಗುತ್ತಿದ್ದರು. ಹೊರದೇಶದ ಗಿರಾಕಿ ಒಮ್ಮೆ ಬಂದಾಗ, ನನ್ನನ್ನು ಬಣ್ಣ ಹೊಡೆಯುವ ಕಂಟ್ರಾಕ್ಟರ್ ಎಂದು ಪರಿಚಯಿಸಿದರು. ಕುಂಚ ಕೈಯಲ್ಲಿತ್ತು, ಅದಕ್ಕೆ ಹಾಗೆಂದೆ ಎಂದು ಆಮೇಲೆ ಸಮಜಾಯಿಷಿ. ಇನ್ನೊಂದು ಸಂಗತಿ: ಅಷ್ಟು ವರ್ಷಗಳಲ್ಲಿ, ಕೆಳಗಿನ ಹೋಟೆಲಿನ ಕಾಫಿಯ ಪರಿಮಳ ದಿನವೂ ಮೆಟ್ಟಿಲು ಹತ್ತಿ ಬರುತ್ತಿದ್ದರೂ, ಕಾಫಿ ಒಮ್ಮೆಯೂ ಬರಲಿಲ್ಲ. ಸಣ್ಣ ವಿಷಯ ಎನ್ನುತ್ತೀರಿ. ಸಣ್ಣ ವಿಷಯಗಳನ್ನು ಲೆಕ್ಕಿಸದವರ ಕಟ್ಟಡಗಳನ್ನೇ ನಾನು ನೋಡುತ್ತಿದ್ದೆ.

ಮುಲುಂಡಿನ ಗಾಲಾ ಜಯಂತಿಭಾಯಿಯದು. ಎರಡನೆಯ ಮಹಡಿ, ನಲವತ್ತು ಹೊಲಿಗೆಯಂತ್ರ. ಜಾಗ ಸಾಲದೆಂದು ಆತ ಒಳಗೇ ಅರ್ಧ ಎತ್ತರದಲ್ಲಿ ಒಂದು ಅಟ್ಟ ಕಟ್ಟಿಸಿದ್ದ. ಮರಾಠಿಯಲ್ಲಿ ಪೋಟ್‌ಮಾಳಾ ಎನ್ನುತ್ತಾರೆ, ಅಂದರೆ ಹೊಟ್ಟೆಯೊಳಗಿನ ಮಾಳಿಗೆ. ಆ ಹೊಟ್ಟೆಯ ತುಂಬ ಬಟ್ಟೆಯ ಥಾನುಗಳು, ಸೂರಿನವರೆಗೆ. ಅಷ್ಟೂ ಭಾರವನ್ನು ಹೊತ್ತ ತೊಲೆ ಕಂಬವನ್ನು ಸೇರುವ ಕಡೆ, ಓರೆಯಾಗಿ, ಒಂದು ಬಿರುಕು. ನಾನು ಟಾರ್ಚು ಹಿಡಿದು ನೋಡುತ್ತಿದ್ದರೆ ಜಯಂತಿಭಾಯಿ ಕೆಳಗೆ ಕುರ್ಚಿಯಲ್ಲಿ ಕುಳಿತು ಪಾನ್ ಮೆಲ್ಲುತ್ತಿದ್ದ. "ಆಯಿಯೇ ದರಾರ್ ಸಾಹೇಬ್, ಬಿಲ್ಡಿಂಗ್ ಅಭೀ ತಕ್ ಖಡಾ ಹೈ," ಎಂಬುದು ಅವನ ಸ್ವಾಗತ. ದರಾರ್ ಎಂದರೆ ಬಿರುಕು. ಬಿರುಕು ಸಾಹೇಬರೇ ಬನ್ನಿ, ಕಟ್ಟಡ ಇನ್ನೂ ನಿಂತೇ ಇದೆ. ಆ ಹೆಸರು ಗ್ರಾಂಟ್ ರೋಡಿನವರೆಗೂ ತಲುಪಿತು. ತಲುಪಿಸಿದ್ದು ಯಾರೆಂದು ನನಗೆ ಗೊತ್ತು.

ಆ ಬಿರುಕಿನ ನೇರ ಕೆಳಗೆ, ನೆಲದ ಮೇಲೆ, ಹೊಲಿದ ಅಂಗಿಗಳ ದಾರದ ತುದಿಗಳನ್ನು ಕತ್ತರಿಸುವ ಆರು ಹೆಂಗಸರು ಕೂರುತ್ತಿದ್ದರು. ನಾನು ಏಣಿಯ ಮೇಲೆ ನಿಂತು ಗಾಜು ಅಂಟಿಸಿ, ತಾರೀಕಿನ ೯ ಬರೆಯುತ್ತಿದ್ದಂತೆ, ಅವರಲ್ಲೊಬ್ಬಳು ಕತ್ತರಿ ನಿಲ್ಲಿಸಿದಳು.

"ಅಯ್ಯ, ಇದು ನಮ್ಮ ಅಂಕಿ ಐತಲ್ರಿ. ಒಂಬತ್ತ್ ಹೌದಲ್ರಿ ಸಾಹೇಬ್ರ?"

ಹೆಸರು ನೀಲವ್ವ. ಬಿಜಾಪುರದ ಕಡೆಯವಳು, ಮೂರನೆಯ ಇಯತ್ತೆಯವರೆಗೆ ಓದಿದ್ದಳಂತೆ. ಅಷ್ಟು ವರ್ಷಗಳಲ್ಲಿ ನನ್ನ ಅಂಕಿಯನ್ನು ನಗದೆ ಓದಿದವಳು ಅವಳೊಬ್ಬಳೇ. ಗಾಜು ಯಾತಕ್ಕೆಂದು ಕೇಳಿದಳು. ಒಡೆದರೆ ತೊಲೆ ಜರುಗುತ್ತಿದೆಯೆಂದು ಅರ್ಥ, ಆಗ ಗಾಲಾ ಖಾಲಿ ಮಾಡಿಸಬೇಕಾಗುತ್ತದೆ ಎಂದೆ. ಅವಳು ಗಾಜನ್ನೊಮ್ಮೆ, ಮೇಲಿನ ಥಾನುಗಳನ್ನೊಮ್ಮೆ ನೋಡಿದಳು.

"ಖಾಲಿ ಮಾಡಿಸಿದ್ರ ನಾವು ಎಲ್ಲಿಗಿ ಹೋಗೂದ್ರಿ?"

"ಅದು ನನ್ನ ವಿಷಯ ಅಲ್ಲಮ್ಮ. ನನ್ನದು ಕಟ್ಟಡ," ಎಂದು ಏಣಿಯಿಂದ ಇಳಿದೆ. ಮಾತು ಸರಿಯಾಗಿಯೇ ಇತ್ತು. ಎಷ್ಟು ಸರಿಯಾಗಿತ್ತೆಂದರೆ ಮೂವತ್ತು ವರ್ಷದ ಮೇಲಾದರೂ ಒಂದಕ್ಷರ ಬದಲಾಗದೆ ನೆನಪಿದೆ.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆ. ಗಾಜು ಇಡಿಯಾಗಿತ್ತು. ಜಯಂತಿಭಾಯಿ ಪೇಡೆಯ ಡಬ್ಬಿ ಹಿಡಿದು ನಿಂತಿದ್ದ. ನಾನೂ ಪುಸ್ತಕ ತೆಗೆದು 'ಚಲನೆ ಇಲ್ಲ' ಎಂದು ಅರ್ಧ ಬರೆದಿದ್ದೆ. ಆಗ ಅಂಕಿಯ ಮೇಲೆ ಕಣ್ಣು ಬಿತ್ತು. ಅದೇ ಕೆಂಪು ಬಣ್ಣ, ಅದೇ ಗಾತ್ರ. ಆದರೆ ಗಾಜಿನ ಮೇಲಿದ್ದದ್ದು ೯ ಅಲ್ಲ, ೬. ಕನ್ನಡ ಬಲ್ಲವರಿಗೆ ಗೊತ್ತು, ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸುಳಿ ಎತ್ತ ತಿರುಗಿದೆ ಎಂಬುದಷ್ಟೇ. ಆ ತಿಂಗಳ ಆರನೆಯ ತಾರೀಕು ನಾನು ಸಯನ್ನಿನ ಮನೆಯಲ್ಲಿ ಜ್ವರದಿಂದ ಮಲಗಿದ್ದೆ. ಅಂದರೆ ನನ್ನ ಗಾಜು ಒಡೆದಿತ್ತು. ಒಡೆದದ್ದನ್ನು ಕಿತ್ತು, ಹೊಸದನ್ನು ಅಂಟಿಸಿ, ನನ್ನ ಬರವಣಿಗೆಯನ್ನು ನಕಲು ಮಾಡಿದ್ದರು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಜನ ಸಾಯುತ್ತಿದ್ದರಲ್ಲ ಎಂಬ ಸಿಟ್ಟು ಎಂದು ಹೇಳಿಕೊಳ್ಳಲು ಇಷ್ಟವಿದೆ. ನಿಜ ಹೇಳಬೇಕೆಂದರೆ, ಅದರಲ್ಲಿ ಮುಕ್ಕಾಲು ಪಾಲು ನನ್ನ ಅಂಕಿಯನ್ನು ಕೆಡಿಸಿದ್ದರ ಮೇಲಿನದು. ಇಡೀ ಗಾಲಾಕ್ಕೆ ಕೇಳುವಂತೆ, ಮೊದಲು ಹಿಂದಿಯಲ್ಲಿ, ಅದು ಸಾಲದೆ ಕನ್ನಡದಲ್ಲಿ ಕೂಗಿದೆ: "ಒಂಬತ್ತು ಬರೆಯೋಕೆ ಬಾರದ ಯಾವ ಕತ್ತೆ ಇದನ್ನ ಬರೆದಿದ್ದು?"

ಯಂತ್ರಗಳು ನಿಂತವು. ನೀಲವ್ವ ತಲೆ ತಗ್ಗಿಸಿಕೊಂಡು ದಾರ ಕತ್ತರಿಸುತ್ತಿದ್ದಳು. ಜಯಂತಿಭಾಯಿ ಪೇಡೆಯ ಡಬ್ಬಿ ಮುಚ್ಚುತ್ತ, "ಸಾಹೇಬ್, ಕಾಚ್ ತೋ ಕಾಚ್ ಹೈ," ಎಂದ. ಗಾಜು ತಾನೇ, ಅದಕ್ಕೇನು ಎಂದು.

ಗ್ರಾಂಟ್ ರೋಡಿನಲ್ಲಿ ಕಾಮತರು ನನ್ನನ್ನು ನಂಬಲಿಲ್ಲ. "ನಿಮ್ಮ ಆ ಜಿಲೇಬಿ ನಂಬರು ಯಾರಿಗೆ ಓದ್ಲಿಕ್ಕೆ ಬರ್ತದೆ ಮಾರಾಯ್ರೆ? ನೀವೇ ಆರು ಬರ್ದಿರ್ತೀರಿ. ಮನುಷ್ಯರು ಬರೆಯೋ ಹಾಗೆ ಬರ್ದಿದ್ರೆ ಈ ರಗಳೆ ಇರ್ಲಿಲ್ಲ." ನಾನು ನನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟೆ, ಹನ್ನೊಂದು ವರ್ಷದ ಒಂಬತ್ತುಗಳಿದ್ದವು ಅದರಲ್ಲಿ, ಒಂದರ ಸುಳಿಯೂ ದಾರಿ ತಪ್ಪಿದ್ದಲ್ಲ. ತೊಲೆಯ ಸಿಮೆಂಟು ಕೆರೆದು ನೋಡದ ಹೊರತು ಸಹಿ ಮಾಡುವುದಿಲ್ಲ, ಗಿರಾಕಿಗೆ ನಾನೇ ಪತ್ರ ಬರೆಯುತ್ತೇನೆ ಎಂದೆ. ಮೂರು ದಿನ ಹೋರಾಡಿದ ಮೇಲೆ ಒಪ್ಪಿದರು. ಕೆರೆದಾಗ ಒಳಗಿನ ಕಬ್ಬಿಣದ ಸರಳುಗಳು ಹಪ್ಪಳದಂತೆ ಪದರ ಪದರವಾಗಿ ಕೈಗೆ ಬಂದವು. ಮಧ್ಯಾಹ್ನದೊಳಗೆ ಥಾನುಗಳನ್ನು ಇಳಿಸಿ, ತೊಲೆಗೆ ಆಸರೆಯ ಕಂಬ ನಿಲ್ಲಿಸಿ, ಗಾಲಾಕ್ಕೆ ಬೀಗ ಹಾಕಿದರು.

ಕಟ್ಟಡ ಬೀಳಲಿಲ್ಲ. ಬೀಳದೆ ಹೋದದ್ದೇ ನನ್ನ ತಪ್ಪಾಯಿತು. "ಎಲ್ಲಿ ಬಿತ್ತು ಮಾರಾಯ್ರೆ?" ಎಂದು ಕಾಮತರು ತಾವು ನಿವೃತ್ತರಾಗುವವರೆಗೂ ಕೇಳುತ್ತಿದ್ದರು.

ಮೂರ್ನಾಲ್ಕು ತಿಂಗಳ ಮೇಲೆ, ಮುಲುಂಡ್ ಸ್ಟೇಷನ್ನಿನ ಸೇತುವೆಯ ಮೇಲೆ ನೀಲವ್ವ ಎದುರಾದಳು. ತಲೆಯ ಮೇಲೆ ಸಿಮೆಂಟು ಮೆತ್ತಿದ ಬಾಂಡ್ಲಿ. ಯಾವುದೋ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಸೇರಿದ್ದಳು. ನಾನು ಗುರುತು ಸಿಗದವನಂತೆ ಹೋಗಬಹುದಿತ್ತು. ಅವಳು ಬಿಡಲಿಲ್ಲ.

"ಸಾಹೇಬ್ರ, ಅವತ್ತ ಯಾವ ಕತ್ತಿ ಬರದದ್ದು ಅಂದ್ರಲ್ರಿ, ನಿಮಗ ಒಂದ ಮಾತ ಹೇಳಬೇಕಂತ ಇದ್ದೆ. ಗಾಜ ಒಡದ ದಿನಾ ಶೇಠ ನನ್ನ ಕರದ್ರು. ಆ ಅಂಕಿ ಬರೂದು ನಿನಗೊಬ್ಬಾಕಿಗೆ, ಒಡದ ತುಂಡು ನೋಡಿ ಹಂಗ ಬರಿ ಅಂದ್ರು. ಬಾಯಿಲೆ ಹೇಳಿದ್ರ ನನ್ನ ಕೆಲಸ ಹೋಗ್ತಿತ್ರಿ. ನನ್ನ ಸಂಗಾಟ ಐದ ಮಂದಿ ಕುಂದರತಿದ್ರು ಅದರ ಕೆಳಗ."

ತಲೆಯ ಮೇಲಿನ ಬಾಂಡ್ಲಿಯನ್ನು ಹಿಡಿದ ಕೈ ಬದಲಾಯಿಸಿದಳು.

"ನನಗ ಒಂಬತ್ತ್ ಬರಿಯಾಕ ಬರತೈತ್ರಿ."

ನಾನೇನು ಹೇಳಿದೆ ಎಂದು ನೀವು ಕೇಳಬೇಕು. ಮಾತಿಗೆ ಮಾತು ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ. "ಹೌದಾ," ಎಂದೆ. ಅಷ್ಟರಲ್ಲಿ ಲೋಕಲ್ ಬಂತು, ಸೇತುವೆ ಇಳಿದು ಹತ್ತಿದೆ. ನನಗಾದ ಅವಮಾನಗಳ ಪಟ್ಟಿಯನ್ನು ದಿನ, ಸ್ಥಳ, ಸಾಕ್ಷಿಗಳ ಸಮೇತ ಒಪ್ಪಿಸಬಲ್ಲವನು ನಾನು. ಇದೊಂದು ಆ ಪಟ್ಟಿಯಲ್ಲಿ ಎಲ್ಲಿಯೂ ಸೇರುವುದಿಲ್ಲ. ಸೇರಬೇಕಾದದ್ದು ಅವಳ ಪಟ್ಟಿಯಲ್ಲಿ.

ಇವತ್ತು ಬೆಳಿಗ್ಗೆಯ ಮಾತಿಗೆ ಬರುತ್ತೇನೆ. ಕಾಫಿ ಮುಗಿಸಿ, ಹಳೆಯ ಪೆಟ್ಟಿಗೆ ತೆರೆದೆ. ಗಾಜು ಕೊಯ್ಯುವ ವಜ್ರದ ಮೊನೆ ಇನ್ನೂ ಹರಿತವಾಗಿತ್ತು. ಫೋಟೋದ ಚೌಕಟ್ಟಿನಿಂದ ತೆಗೆದಿಟ್ಟ ಗಾಜೊಂದಿತ್ತು. ಆ ಹುಡುಗಿ ಬರೆದ ಇಂಗ್ಲಿಷ್ ಅಂಕಿಯನ್ನು ನಕಲು ಮಾಡುವುದು ನನಗೆ ಎರಡು ನಿಮಿಷದ ಕೆಲಸ; ಅವಳಿಗಿಂತ ಚೊಕ್ಕಟವಾಗಿಯೇ ಮಾಡುತ್ತಿದ್ದೆ. ಪಟ್ಟಿಯನ್ನು ಕೊಯ್ದೂ ಬಿಟ್ಟಿದ್ದೆ. ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಒಡೆದಿದೆಯಾ?"

"ಹೂಂ."

ಅವಳು ಮಂಚದ ಅಂಚಿನಲ್ಲಿ ಕುಳಿತಳು. "ಹಾಗಾದ್ರೆ ಖಾಲಿ ಮಾಡು ಅಂತಾರೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು?"

ಅದು ನನ್ನ ವಿಷಯವಲ್ಲ ಎನ್ನುವ ಹಾಗಿರಲಿಲ್ಲ. ಕೊಯ್ದ ಗಾಜನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟೆ. "ಗೊತ್ತಿಲ್ಲ," ಎಂದು ಅವಳ ಪಕ್ಕದಲ್ಲಿ ಕುಳಿತೆ. ಕೆಳಗಿನ ಮನೆಯಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು. ಮೂರನೆಯ ಸೀಟಿಗೆ ಎದ್ದೆ. ಆ ಹುಡುಗಿಗೆ ಫೋನು ಮಾಡಿದೆ.

ಹನ್ನೊಂದಕ್ಕೆ ಬಂದಳು. ಸ್ಟೂಲು ಹತ್ತಿ ನೋಡಿ, ಮೊದಲ ಸಲ, ನಗಲಿಲ್ಲ. ಗಾಜಿನ ಪಕ್ಕದಲ್ಲಿ, ಗೋಡೆಯ ಮೇಲೆ, ಒಡೆದದ್ದು ಕಂಡ ದಿನವನ್ನು ನಾನು ಪೆನ್ಸಿಲಿನಿಂದ ಬರೆದಿದ್ದೆ, ನನ್ನ ಅಂಕಿಯಲ್ಲಿ.

"ಅಂಕಲ್, ಇದು ಕನ್ನಡ ನಂಬರ್ ಅಲ್ವಾ? ಅಜ್ಜಿ ಬರೀತಿದ್ರು. ಸಿಕ್ಸಾ, ನೈನಾ?"

ಹೇಳಿ ಮುಗಿಸಬಹುದಿತ್ತು. ಅವಳನ್ನು ಇಳಿಯಹೇಳಿ, ಕುರ್ಚಿ ಕೊಟ್ಟು, ಕಾಗದ ಪೆನ್ಸಿಲು ತಂದು, ಎರಡನ್ನೂ ಪಕ್ಕಪಕ್ಕದಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ. ಸುಳಿ ಎತ್ತ ತಿರುಗಿದರೆ ಆರು, ಎತ್ತ ತಿರುಗಿದರೆ ಒಂಬತ್ತು. ಅವಳು ನಾಲ್ಕು ಸಲ ತಪ್ಪಾಗಿ ಬರೆದಳು. ನಾನು ಯಾರನ್ನೂ ಕತ್ತೆ ಎನ್ನಲಿಲ್ಲ. ಐದನೆಯ ಸಲ ಸರಿಯಾಯಿತು.